ಎರಡನೆಯ ಹನಿ

ಆ ವರ್ಷಗಳಲ್ಲಿ ರಾಯಚೂರಿನ ಜನ ಬೇಸಿಗೆಯನ್ನು ಒಂದು ಗುಂಡಿಯ ನಂಬಿಕೆಯ ಮೇಲೆ ದಾಟುತ್ತಿದ್ದರು. ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದಡಿ ಹುದುಗಿಸಿದ, ಹುಣಸೆಬೀಜದಷ್ಟು ಗಾತ್ರದ ಗುಂಡಿ. ಅದರೊಳಗೆ ಶೀತಳಿ ಎಂಬ ಔಷಧ. ದಿನಕ್ಕೊಮ್ಮೆ ಗುಂಡಿ ಟಿಕ್ಕೆಂದು ಒಂದು ಹನಿಯನ್ನು ರಕ್ತಕ್ಕೆ ಬಿಡುತ್ತಿತ್ತು. ಮೈಯೊಳಗಿನ ಒಲೆಯ ಉರಿಯನ್ನು ಯಾರೋ ತಗ್ಗಿಸಿದ ಹಾಗಾಗುತ್ತಿತ್ತು. ಬಾಯಲ್ಲಿ ಸ್ವಲ್ಪ ಹೊತ್ತು ಪುದೀನದ ರುಚಿ. ಆಮೇಲೆ ಸಂಜೆಯವರೆಗೆ, ಡಾಂಬರು ಕರಗುವ ಬಿಸಿಲಲ್ಲೂ ಮನುಷ್ಯ ನಡೆದಾಡಬಹುದಿತ್ತು.

ಒಂದು ಹನಿ ಜೀವ ಉಳಿಸುತ್ತಿತ್ತು. ಅದೇ ದಿನ ಎರಡನೆಯದು ಬಿದ್ದರೆ ಒಲೆ ಪೂರ್ತಿ ಆರಿಹೋಗುತ್ತಿತ್ತು. ಮೊದಲು ಜೊಂಪು, ಆಮೇಲೆ ನಿದ್ದೆ, ನಿದ್ದೆಯಲ್ಲೇ ಎದೆಬಡಿತ ನಿಧಾನವಾಗಿ ನಿಂತುಹೋಗುವುದು. ನೋವಿಲ್ಲ, ಕೂಗಾಟವಿಲ್ಲ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತಿರಲಿಲ್ಲ.

ಮೊದಮೊದಲು ಯಾವಾಗ ಹನಿ ಬಿಟ್ಟೆ ಎಂಬ ನೆನಪು ಆಯಾ ಗುಂಡಿಯಲ್ಲೇ ಇರುತ್ತಿತ್ತು. ಆದರೆ ಇಟ್ಟಿಗೆ ಭಟ್ಟಿಯ ಕೆಲವು ಗುತ್ತಿಗೆದಾರರು ಆ ನೆನಪನ್ನು ಅಳಿಸುವ ಉಪಾಯ ಕಂಡುಕೊಂಡರು. ನಡುಮಧ್ಯಾಹ್ನವೂ ಆಳುಗಳು ದುಡಿಯಲಿ ಎಂದು ಇನ್ನೊಂದು ಹನಿ ಬಿಡಿಸಿದರು. ಜನ ಸತ್ತರು. ಆಗ ಸರ್ಕಾರ ಗುಂಡಿಗಳಿಂದ ನೆನಪನ್ನು ಕಿತ್ತು ಊರಿಗೊಂದು ತಂಪು ಕೇಂದ್ರ ಕಟ್ಟಿ ಅಲ್ಲಿಟ್ಟಿತು. ಇನ್ನು ಗುಂಡಿಗೆ ಗೊತ್ತಿದ್ದುದು ಕೇಂದ್ರದ ಮಾತು ಕೇಳುವುದಷ್ಟೇ. ಬಿಡು ಎಂದರೆ ಬಿಡುತ್ತಿತ್ತು. ಯಾರಿಗೆ ಕೊಟ್ಟಾಗಿದೆ, ಯಾರಿಗೆ ಬಾಕಿ ಎಂಬುದೆಲ್ಲ ಕೇಂದ್ರದ ಡೇಟಾಬೇಸಿನಲ್ಲಿತ್ತು. ಆ ಡೇಟಾಬೇಸನ್ನು ಕಾಯುವ ಕೆಲಸ ನೀಲಾಂಬಿಕಾಳದು.

ಆ ದಿನ ಬೆಳಿಗ್ಗೆ ಅವಳು ಮನೆಯಲ್ಲಿ ಜೋಳದ ರೊಟ್ಟಿ ತಟ್ಟುತ್ತಿದ್ದಾಗ ಗುಂಡಿ ಟಿಕ್ಕೆಂದಿತು. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಗಂಡ ಪಂಪಾಪತಿಯ ಗುಂಡಿಯೂ ಅದರ ಹಿಂದೆಯೇ ಸದ್ದು ಮಾಡಿತು. ಅಕ್ಕಿ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅವನ ಕಣ್ಣುಗಳು ಆಗಲೇ ಎಳೆಯುತ್ತಿದ್ದವು.

ಅತ್ತೆ ಸಿದ್ದಮ್ಮನಿಗೆ ಗುಂಡಿ ಇರಲಿಲ್ಲ. ಅವಳ ಹೃದಯ ಶೀತಳಿಯನ್ನು ತಾಳುವುದಿಲ್ಲ ಎಂದು ಡಾಕ್ಟರರು ಹಾಕಿರಲಿಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಹೆಂಗಸು. ಬೇಸಿಗೆಯೆಲ್ಲ ಒದ್ದೆ ಸೀರೆ ಸುತ್ತಿಕೊಂಡು, ನಡುಮನೆಯಲ್ಲಿ ಕೂಲರಿನ ಎದುರು ಕೂತು ಬೈಯುತ್ತಿದ್ದಳು.

“ಇವ ಮಲಗಿದನಂದ್ರ ಮನಿ ಬಿದ್ರೂ ಏಳಂಗಿಲ್ಲ” ಎಂದಳು ಮಗನನ್ನು ನೋಡಿ. “ಫೋನ್ ಬಂದ್ ಮಾಡಿ ಮಲಗ್ತಾನ. ಯಾರಾರ ಸತ್ರ ಹೆಂಗ ತಿಳೀಬೇಕು ಇವಂಗ?”

“ಸತ್ತವ್ರು ಸಂಜೀತನ ಕಾಯ್ಲಿ” ಎಂದು ಪಂಪಾಪತಿ ಕೈ ತೊಳೆದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನೀಲಾಂಬಿಕಾ ನಕ್ಕು, ಬುತ್ತಿ ಕಟ್ಟಿಕೊಂಡು ಕೇಂದ್ರಕ್ಕೆ ಹೊರಟಳು.

ತಂಪು ಕೇಂದ್ರ ಕೋಟೆಯ ಹಿಂದಿನ ಗುಡ್ಡದ ಮಗ್ಗುಲಲ್ಲಿ ಕಲ್ಲಿನಲ್ಲಿ ಕಟ್ಟಿದ ಗಟ್ಟಿ ಕಟ್ಟಡ. ಒಳಗಿನ ಸರ್ವರ್ ಕೋಣೆಯನ್ನು ತಣ್ಣಗಿಡಲು ಯಂತ್ರಗಳು ಹಗಲಿರುಳು ಹೆಣಗುತ್ತಿದ್ದವು. ಆದರೂ ಆ ವಾರ ಡಿಸ್ಕುಗಳು ಮುಟ್ಟಿದರೆ ಸುಡುತ್ತಿದ್ದವು. ಕೇಂದ್ರದ ಮೇಲ್ವಿಚಾರಕ ಮಹಬೂಬ್ ಪಾಷಾ ಅವುಗಳಿಗೆ ಫ್ಯಾನು ತಿರುಗಿಸಿಟ್ಟು, ರೋಗಿಯ ಹಣೆ ನೋಡುವವನಂತೆ ಆಗಾಗ ಕೈಯಿಟ್ಟು ನೋಡುತ್ತಿದ್ದ.

ಡೇಟಾಬೇಸಿನ ಕೆಲಸದ ಕ್ರಮ ಹೀಗಿತ್ತು. ಒಬ್ಬರಿಗೆ ಹನಿ ಬಿಡು ಎಂದು ಹೇಳುವ ಮೊದಲು ಅದು ಒಂದು ಕಚ್ಚಾ ಕಡತದಲ್ಲಿ ‘ಇವರಿಗೆ ಕೊಟ್ಟಿದೆ’ ಎಂದು ಗೀಚಿಕೊಳ್ಳುತ್ತಿತ್ತು. ಆಮೇಲಷ್ಟೇ ಗುಂಡಿಗೆ ಆಜ್ಞೆ. ಆಗಾಗ ಬಿಡುವು ಮಾಡಿಕೊಂಡು, ಕಚ್ಚಾ ಕಡತದಲ್ಲಿದ್ದುದನ್ನೆಲ್ಲ ಮೂಲ ಪಟ್ಟಿಯೊಳಗೆ ಸೇರಿಸುತ್ತಿತ್ತು. ಆದರೆ ಡಿಸ್ಕನ್ನು ಅದು ನೇರವಾಗಿ ಮುಟ್ಟುವಂತಿರಲಿಲ್ಲ. ನಡುವೆ ಫೈಲ್ ಸಿಸ್ಟಂ ಇತ್ತು. ಬರೆಯಬೇಕಾದ ಪುಟಗಳನ್ನು ಕೈಗೆ ತೆಗೆದುಕೊಂಡು ಮೆಮೊರಿಯಲ್ಲಿಟ್ಟುಕೊಂಡು, ತನಗೆ ಅನುಕೂಲವಾದಾಗ ಡಿಸ್ಕಿಗೆ ಇಳಿಸುವುದು ಅದರ ಕೆಲಸ. ಹಾಗಾಗಿ ಡೇಟಾಬೇಸು ಕೊನೆಯಲ್ಲಿ ಅದನ್ನು ಕೇಳುತ್ತಿತ್ತು, ಎಲ್ಲ ಡಿಸ್ಕಿನ ಮೇಲೆ ಇಳಿಯಿತೇ ಎಂದು. ಹೌದು ಎಂಬ ಉತ್ತರ ಬಂದ ಮೇಲೆ ಕಚ್ಚಾ ಕಡತವನ್ನು ಅಳಿಸಿಹಾಕುತ್ತಿತ್ತು. ಮೂಲ ಪಟ್ಟಿ ಭದ್ರವಾಗಿರುವಾಗ ಕಚ್ಚಾ ಯಾಕೆ ಬೇಕು?

ಅಂದು ಮಧ್ಯಾಹ್ನಕ್ಕೆ ಮೊದಲು, ನೀಲಾಂಬಿಕಾಳ ಪರದೆಯ ಮೇಲೆ ಒಂದು ಕೆಂಪು ಸಾಲು ಮೂಡಿತು. ಇಳಿಯಲಿಲ್ಲ ಎಂದು ಫೈಲ್ ಸಿಸ್ಟಂ ಹೇಳಿತ್ತು. ಅವಳು ಕುರ್ಚಿಯಿಂದ ಏಳುವಷ್ಟರಲ್ಲಿ ಡೇಟಾಬೇಸು ತಾನಾಗಿಯೇ ಇನ್ನೊಮ್ಮೆ ಕೇಳಿತ್ತು. ಈ ಸಲ ಹಸಿರು ಸಾಲು ಬಂತು. ಎಲ್ಲ ಇಳಿದಿದೆ.

“ಪಾಷಾ ಸಾಹೇಬ್ರ, ಡಿಸ್ಕ್ ಒಂದು ಸಲ ಕೈ ಕೊಟ್ಟಿತ್ತು” ಎಂದಳು.

“ಈಗ?”

“ಈಗ ಸರಿ ಅದ ಅನ್ಲಿಕತ್ತದ.”

“ಬಿಸಿಗಿ ಹಂಗ ಮಾಡ್ತದ. ಸಂಜೀಕ ಬ್ಯಾರೆ ಡಿಸ್ಕ್ ಹಾಕೂಣು” ಎಂದ ಪಾಷಾ. ಅವಳು ಪಟ್ಟಿ ತೆರೆದು ತನ್ನ ವಾರ್ಡನ್ನೇ ನೋಡಿದಳು. ಎಲ್ಲರ ಹೆಸರಿನ ಮುಂದೆ ‘ಕೊಟ್ಟಿದೆ’ ಎಂದಿತ್ತು. ಅವಳಿಗೆ ಸಮಾಧಾನವಾಯಿತು. ತಾನು ನೋಡುತ್ತಿರುವುದು ಡಿಸ್ಕನ್ನಲ್ಲ, ಮೆಮೊರಿಯಲ್ಲಿ ಉಳಿದ ನೆರಳನ್ನು ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಊಟದ ಹೊತ್ತಿಗೆ ಊರಿನ ವಿದ್ಯುತ್ ಲೈನು ಬಿಸಿಲಿಗೆ ಜೋತುಬಿದ್ದು ಕಡಿಯಿತು. ಕೇಂದ್ರದ ಬ್ಯಾಟರಿಗಳು ಸೆಖೆಗೆ ಊದಿಕೊಂಡಿದ್ದವು. ಜನರೇಟರ್ ಗುಡುಗಿಕೊಂಡು ಏಳುವ ಮೊದಲೇ ಅವು ಕೈಚೆಲ್ಲಿದವು. ಕೋಣೆ ಕತ್ತಲಾಯಿತು. ಫ್ಯಾನುಗಳು ನಿಂತವು. ವರ್ಷಗಟ್ಟಲೆ ಕಿವಿಗೆ ಕೂತಿದ್ದ ಆ ಗುಂಯ್‍ಗುಟ್ಟುವಿಕೆ ಇಲ್ಲವಾದಾಗ ನೀಲಾಂಬಿಕಾಳಿಗೆ ತನ್ನ ಉಸಿರೇ ಕೇಳಿಸಿತು. ಮರುಕ್ಷಣ ದೀಪ ಬಂತು.

ಸರ್ವರುಗಳು ಒಂದೊಂದಾಗಿ ಎದ್ದವು. ಡೇಟಾಬೇಸು ಕಚ್ಚಾ ಕಡತವನ್ನು ಓದಿ, ಮೂಲ ಪಟ್ಟಿಗೆ ಸೇರಿಸಿ, ಎಲ್ಲ ಸುಸ್ಥಿತಿಯಲ್ಲಿದೆ ಎಂದು ಹಸಿರು ಅಕ್ಷರಗಳಲ್ಲಿ ವರದಿ ಮಾಡಿತು. ಪಾಷಾ ಹಣೆಯ ಬೆವರು ಒರೆಸಿಕೊಂಡು ಚಹಾದ ಲೋಟ ಎತ್ತಿಕೊಂಡ. ಬಾಕಿ ಇದ್ದವರಿಗೆ ಆಜ್ಞೆ ಹೋಗಲು ಶುರುವಾಯಿತು.

ಆಗ ನೀಲಾಂಬಿಕಾಳ ಕೊರಳೆಲುಬಿನ ಕೆಳಗೆ ಗುಂಡಿ ಟಿಕ್ಕೆಂದಿತು.

ಅವಳು ಅಲುಗಾಡಲಿಲ್ಲ. ಭ್ರಮೆ ಇರಬೇಕು ಅಂದುಕೊಂಡಳು. ಆದರೆ ನಾಲಿಗೆಯ ಬುಡದಲ್ಲಿ ಪುದೀನದ ರುಚಿ ಮೆಲ್ಲಗೆ ಹರಡತೊಡಗಿತು. ಅವಳು ಪಟ್ಟಿ ತೆರೆದಳು. ಅವಳ ವಾರ್ಡಿನ ಹೆಸರುಗಳ ಮುಂದೆಲ್ಲ ‘ಬಾಕಿ’ ಎಂದಿತ್ತು. ಅವಳು ನೋಡುತ್ತಿದ್ದಂತೆ ಮೇಲಿನಿಂದ ಒಂದೊಂದೇ ಸಾಲು ‘ಬಾಕಿ’ಯಿಂದ ‘ಕೊಟ್ಟಿದೆ’ಗೆ ತಿರುಗುತ್ತಾ ಕೆಳಗಿಳಿಯುತ್ತಿತ್ತು. ಅವಳ ಹೆಸರು ಆಗಲೇ ತಿರುಗಿತ್ತು. ಅದರ ಕೆಳಗೆ ಪಂಪಾಪತಿಯದೂ ತಿರುಗಿತ್ತು.

“ಸಾಹೇಬ್ರ, ಬಂದ್ ಮಾಡ್ರಿ. ಆಜ್ಞಾ ಹೋಗೋದು ಬಂದ್ ಮಾಡ್ರಿ.”

ಪಾಷಾ ಲೋಟ ಕೆಳಗಿಟ್ಟ. “ಯಾಕ? ಎಲ್ಲಾ ಹಸಿರೇ ಅದಲ್ಲ?”

“ಮುಂಜಾನಿ ಕೊಟ್ಟವ್ರಿಗೇ ಮತ್ತ ಕೊಡ್ಲಿಕತ್ತದ.”

“ಹೆಂಗ ಆಗ್ತದ ಅದು? ಡೇಟಾಬೇಸ್ ಬರ್ಕೊಂಡ ಮ್ಯಾಲೆ ಅಲ್ಲೇನು ಆಜ್ಞಾ ಕೊಡೋದು?” ಎಂದ ಅವನು. ಅವನ ದನಿಯಲ್ಲೂ ಈಗ ಹೆದರಿಕೆ ಇತ್ತು. “ನೀಲಕ್ಕ, ಕಾರಣಿಲ್ಲದ ಬಂದ್ ಮಾಡಿದ್ರ ಎರಡನೇ ಪಾಳಿಯವ್ರು ಸಾಯ್ತಾರ. ಭಟ್ಟಿ ಮುಂದ ನಿಂತಾರ ಅವ್ರು. ಅವ್ರಿಗೆ ಖರೇನೇ ಬಾಕಿ ಅದ.”

ಅವಳು ವಾದ ಮಾಡಲಿಲ್ಲ. ಎದ್ದು ಹೋಗಿ ಅವನ ಕೈ ಹಿಡಿದು ತನ್ನ ಕತ್ತಿನ ಮೇಲಿಟ್ಟಳು. ಪಾಷಾ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಅವಳ ಕತ್ತು ನೆಲಮಾಳಿಗೆಯ ಕಲ್ಲಿನಂತೆ ತಣ್ಣಗಿತ್ತು.

ಅವನು ಮತ್ತೇನೂ ಕೇಳದೆ ಗೋಡೆಯತ್ತ ಓಡಿ ಗುಂಡಿಗಳಿಗೆ ಆಜ್ಞೆ ಒಯ್ಯುವ ಪ್ರಸಾರ ಗೋಪುರಕ್ಕೆ ಹೋಗುವ ಕೇಬಲನ್ನು ಎರಡೂ ಕೈಯಿಂದ ಕಿತ್ತ. ಪರದೆಯ ಮೇಲೆ ಸಾಲುಗಳು ಇಳಿಯುವುದು ನಿಂತಿತು. ವಾರ್ಡಿನ ಅರ್ಧಕ್ಕೂ ಹೆಚ್ಚು ಜನರಿಗೆ ಆಜ್ಞೆ ಹೋಗಿಬಿಟ್ಟಿತ್ತು.

ಇನ್ನು ಏನು ಮಾಡುವುದು? ಅವರ ಮುಂದಿದ್ದ ಪಟ್ಟಿ ಈಗ ನಂಬುವಂಥದ್ದಲ್ಲ. ಒಂದು ಪುಟ ಸುಳ್ಳಾಗಿದ್ದರೆ ಬೇರೆ ವಾರ್ಡಿನ ಪುಟಗಳೂ ಸುಳ್ಳಿರಬಹುದು. ಯಾರ ಮೈಯಲ್ಲಿ ಒಂದು ಹನಿ ಇದೆ, ಯಾರ ಮೈಯಲ್ಲಿ ಎರಡಿವೆ, ಯಾರ ಮೈಯಲ್ಲಿ ಒಂದೂ ಇಲ್ಲ ಎಂದು ಜಗತ್ತಿನ ಯಾವ ಯಂತ್ರಕ್ಕೂ ಗೊತ್ತಿರಲಿಲ್ಲ. ನೀಲಾಂಬಿಕಾಳಿಗೆ ಆಕಳಿಕೆ ಬಂತು. ಆ ಆಕಳಿಕೆಗೆ ಅವಳು ಹೆದರಿದಷ್ಟು ಜೀವನದಲ್ಲಿ ಯಾವುದಕ್ಕೂ ಹೆದರಿರಲಿಲ್ಲ.

“ಶೀತಳಿ ಬಿಸಿಗೆ ಕರಗ್ತದಲ್ರಿ?” ಎಂದಳು.

“ಹೌದು. ಮೈ ಭಾಳ ಬಿಸಿ ಆದ್ರ ಲಗೂನ ಕರಗ್ತದ. ಅದಕ್ಕ ಜ್ವರ ಬಂದವ್ರಿಗೆ ಕೊಡಂಗಿಲ್ಲ.”

“ಹಂಗಾದ್ರ ಮೈಕ್ ಕೊಡ್ರಿ.”

ಬಿಸಿಗಾಳಿಯ ಎಚ್ಚರಿಕೆ ಸಾರಲೆಂದು ಊರಿನ ಪ್ರತಿ ಓಣಿಯಲ್ಲೂ ಧ್ವನಿವರ್ಧಕಗಳಿದ್ದವು. ಅವಳು ಮೇಜಿನ ಅಂಚು ಹಿಡಿದುಕೊಂಡು ಮಾತಾಡಿದಳು. ಮಾತು ಬಾಯಲ್ಲಿ ದಪ್ಪಗಾಗುತ್ತಿತ್ತು. ತೊದಲಬಾರದೆಂದು ಒಂದೊಂದೇ ಪದವನ್ನು ಬಿಡಿಸಿ ಹೇಳಿದಳು.

“ತಂಪು ಕೇಂದ್ರದಿಂದ ಹೇಳ್ಲಿಕತ್ತೀವಿ. ಗುಂಡಿ ತಪ್ಪು ಮಾಡ್ಯಾವ. ನಿಮ್ಮ ಬಾಜೂಕ ಇದ್ದವ್ರ ಕುತ್ತಿಗಿ ಮುಟ್ಟಿ ನೋಡ್ರಿ. ಕಲ್ಲಿನಂಗ ತಣ್ಣಗಿದ್ದು ತೂಕಡಿಸ್ಲಿಕತ್ತಿದ್ರ ಅವ್ರನ್ನ ಬಿಸಿಲಿಗೆ ಒಯ್ಯಿರಿ. ಈಗಿಂದೀಗ ಒಯ್ಯಿರಿ. ಮಲಗಾಕ ಬಿಡಬ್ಯಾಡ್ರಿ. ಮೈ ಬಿಸಿ ಇದ್ದವ್ರು ಕೆಲಸ ಬಿಟ್ಟು ನೆರಳಿಗೆ ಹೋಗ್ರಿ, ನೀರು ಸುರುವಿಕೊಳ್ರಿ. ಮಲಗಿದವ್ರ ಮನೀ ಬಾಗ್ಲಾ ಬಡೀರಿ.”

ಅದನ್ನೇ ಮತ್ತೆ ಹೇಳಿದಳು. ಮೂರನೆಯ ಸಲ ಪಾಷಾ ಮೈಕು ಕಸಿದುಕೊಂಡು ಕನ್ನಡದಲ್ಲೂ ಉರ್ದುವಿನಲ್ಲೂ ತಾನೇ ಹೇಳಿದ. ಅವಳು ಮನೆಗೆ ಫೋನು ಹಚ್ಚಿದಳು. ಪಂಪಾಪತಿಯ ಫೋನು ಬಂದ್ ಆಗಿತ್ತು. ಅತ್ತೆಯ ಫೋನು ಬಹಳ ಹೊತ್ತು ಹೊಡೆದುಕೊಂಡ ಮೇಲೆ ಎತ್ತಿದ ಸದ್ದಾಯಿತು.

“ಅತ್ತಿ, ಅವ್ರನ್ನ ಎಬ್ಬಸ್ರಿ.”

“ಕೇಳ್ಸಿತು ಮೈಕಿನಾಗ. ಬಾಗ್ಲಾ ಬಡೀಲಿಕತ್ತೀನಿ, ಚಿಲಕ ಹಾಕ್ಯಾನ.” ಸಿದ್ದಮ್ಮನ ಉಸಿರು ಏರಿಳಿಯುತ್ತಿತ್ತು. “ಪಂಪ್ಯಾ. ಏ ಪಂಪ್ಯಾ.”

ಫೋನಿನಲ್ಲಿ ಕಟ್ಟಿಗೆಯ ಮೇಲೆ ಅಂಗೈ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಉತ್ತರವಿಲ್ಲ. ಆಮೇಲೆ ಫೋನನ್ನು ಎಲ್ಲೋ ಇಟ್ಟ ಸದ್ದು. ದೂರದಿಂದ, ಹಿಂದೆ ತುಂಬಿದ ಬಸ್ಸಿನ ಕೊನೆಯ ಸೀಟಿನವರೆಗೂ ಕೇಳುತ್ತಿದ್ದ ಆ ದನಿ ಓಣಿಯಲ್ಲಿ ನಿಂತು ಕೂಗುವುದು ಕೇಳಿಸಿತು. “ಯಾರಾರ ಬರ್ರಿ. ಬಾಗ್ಲಾ ಮುರೀಬೇಕು. ಯಾರಾರ ಗಂಡಸ್ರು ಬರ್ರಿ.”

ನೀಲಾಂಬಿಕಾಳ ಕೈಯಿಂದ ಫೋನು ಜಾರಿತು. ಎತ್ತಿಕೊಳ್ಳಲು ಬಾಗಿದವಳಿಗೆ ನೆಲ ಬಹಳ ಮೆತ್ತಗೆ, ಬಹಳ ಹತ್ತಿರ ಕಂಡಿತು. ಸ್ವಲ್ಪ ಹೊತ್ತು ಮಲಗಿದರೇನಾಯಿತು ಅನ್ನಿಸಿತು. ಭಯವೂ ದೂರ ಹೋಗುತ್ತಿತ್ತು. ಭಯ ಹೋಗುತ್ತಿದೆ ಎಂಬುದು ಗೊತ್ತಾದ ಕೂಡಲೇ ಅವಳು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಪಾಷಾ ಅವಳ ರಟ್ಟೆಗೆ ಕೈಹಾಕಿ ಎತ್ತಿ, ಮೆಟ್ಟಿಲುಗಳ ಮೇಲೆ ಎಳೆದುಕೊಂಡೇ ಮಾಳಿಗೆಗೆ ಒಯ್ದ.

ಮಾಳಿಗೆಯ ಬಾಗಿಲು ತೆಗೆದಾಗ ಬೆಳಕು ಮುಖಕ್ಕೆ ರಾಚಿತು. ಶಹಾಬಾದ ಕಲ್ಲಿನ ಹಾಸು ಬಾಣಲೆಯಂತೆ ಕಾದಿತ್ತು. ಪಾಷಾ ತನ್ನ ಅಂಗಿ ಹಾಸಿ ಅವಳನ್ನು ಅದರ ಮೇಲೆ ಕೂರಿಸಿದ. ಸುಡುವ ಬಿಸಿಲಲ್ಲಿ ಅವಳ ಹಲ್ಲು ಕಟಕಟಿಸುತ್ತಿದ್ದವು.

“ಮಾತಾಡು ನೀಲಕ್ಕ. ಸುಮ್ಮನಾಗಬ್ಯಾಡ. ಹೆಂಗಾತು ಇದು, ಹೇಳು ನನಗ.”

“ಕೆಂಪು ಬಂದಿತ್ತಲ್ರಿ.” ಅವಳು ಕಣ್ಣು ತೆರೆದೇ ಇರಲು ಹೆಣಗುತ್ತಾ ಹೇಳಿದಳು. “ಆಗ ಫೈಲ್ ಸಿಸ್ಟಂ ಆ ಪುಟ ಇಳಸಾಕ ಹೋಗಿತ್ತು. ಡಿಸ್ಕ್ ತಗೊಳ್ಳಿಲ್ಲ. ಆಗಲಿಲ್ಲ ಅಂತ ಒಂದು ಸಲ ಹೇಳಿತು. ಹೇಳಿದ ಮ್ಯಾಲೆ ಆ ಪುಟಗಳ ಮ್ಯಾಲಿನ ‘ಇಳಸಬೇಕು’ ಅನ್ನೋ ಗುರ್ತು ಅಳಿಸಿಬಿಟ್ಟಿತು, ಇನ್ನ ಇಳಸೋದು ಉಳಿದಿಲ್ಲ ಅಂತ. ಎರಡನೇ ಸಲ ಕೇಳಿದಾಗ...”

“ಕೇಳಿದಾಗ?”

“ಇಳಸೋದು ಏನೂ ಉಳಿದಿಲ್ಲಲ್ಲ. ಅದಕ್ಕ ಎಲ್ಲಾ ಸರಿ ಅಂತು. ಡೇಟಾಬೇಸ್ ಅದನ್ನ ನಂಬಿ ಕಚ್ಚಾ ಕಡತ ಅಳಿಸಿತು. ಮೆಮೊರಿಯಾಗ ಇತ್ತು, ಅದಕ್ಕ ನಮಗ ಕಾಣಸ್ತಿತ್ತು. ಕರೆಂಟ್ ಹೋತು. ಮೆಮೊರೀನೂ ಹೋತು.”

ಪಾಷಾ ಅವಳ ಹಿಂದೆ, ಊರಿನತ್ತ ನೋಡುತ್ತಿದ್ದ. ಅವಳೂ ಕತ್ತು ತಿರುಗಿಸಿ ನೋಡಿದಳು.

ಬೇಸಿಗೆಯಲ್ಲಿ ಆ ಹೊತ್ತಿಗೆ ರಾಯಚೂರಿನ ಮಾಳಿಗೆಗಳ ಮೇಲೆ ಕಾಗೆಯೂ ಕೂರುತ್ತಿರಲಿಲ್ಲ. ಈಗ ಮಾಳಿಗೆ ಮಾಳಿಗೆಗಳ ಮೇಲೂ ಜನರಿದ್ದರು. ಹೆಗಲ ಮೇಲೆ ಹೊತ್ತು ತಂದವರು, ಮಂಚದ ಸಮೇತ ಎತ್ತಿ ತಂದವರು, ಕಂಬಳಿಯಲ್ಲಿ ಹಾಕಿ ಎಳೆದು ತಂದವರು. ಯಾರೋ ಒಬ್ಬಳು ಹೆಂಗಸು ಗಂಡನನ್ನು ಬಿಸಿಲಿಗೆ ಒರಗಿಸಿ ಎರಡೂ ಕೆನ್ನೆಗೆ ಬಡಿಯುತ್ತಿದ್ದಳು. ಬೀದಿಯ ನಡುವೆ ಕಾದ ಡಾಂಬರಿನ ಮೇಲೆ ಚಾಪೆ ಹಾಸಿ ಮಂದಿಯನ್ನು ಸಾಲಾಗಿ ಮಲಗಿಸಿದ್ದರು. ಯಾವ ಸೂರ್ಯನಿಗೆ ಹೆದರಿ ಇಡೀ ಊರು ಬಾಗಿಲು ಹಾಕಿಕೊಂಡು ಬದುಕಿತ್ತೋ, ಅವನ ಮುಂದೆ ತಮ್ಮವರನ್ನು ತಂದು ಒಡ್ಡಿ ಜನ ಗೋಗರೆಯುತ್ತಿದ್ದರು. ಅಷ್ಟು ಜನರಿದ್ದರೂ ಹೆಚ್ಚು ಸದ್ದಿರಲಿಲ್ಲ. ಬರೀ ಹೆಸರು ಹಿಡಿದು ಕೂಗುವ ಸದ್ದು.

ತನ್ನ ಮನೆಯ ಮಾಳಿಗೆ ಯಾವುದೆಂದು ಅವಳು ಹುಡುಕಿದಳು. ಅಷ್ಟು ದೂರಕ್ಕೆ ಗೊತ್ತಾಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳ ಅಂಗೈ ಉರಿಯತೊಡಗಿತು. ಆಮೇಲೆ ಬೆನ್ನು, ಆಮೇಲೆ ಕಾಲು. ಸುಡುವ ಕಲ್ಲಿನ ಮೇಲೆ ಕೂತಿರುವುದು ಮೈಗೆ ತಿಳಿಯತೊಡಗಿತ್ತು. ಆ ಉರಿಗೆ ಅವಳಿಗೆ ಅಳು ಬಂತು. ಪಾಷಾ ಕೆಳಗಿನಿಂದ ಫೋನು ತಂದುಕೊಟ್ಟ. ಅದು ಇನ್ನೂ ಸಂಪರ್ಕದಲ್ಲಿತ್ತು.

“ಅತ್ತಿ?”

ಬರೀ ಗಾಳಿಯ ಸದ್ದು. ಆಮೇಲೆ ಸಿದ್ದಮ್ಮ ಮಾತಾಡಿದಳು. ದನಿ ಪೂರ್ತಿ ಒಡೆದುಹೋಗಿತ್ತು.

“ನಾಕು ಮಂದಿ ಸೇರಿ ಮ್ಯಾಲೆ ಒಯ್ದ್ವಿ. ತುಟಿ ನೀಲಿ ಆಗಿದ್ವು. ಈಗ ಕಣ್ಣ ಬಿಟ್ಟಾನ.” ಅವಳು ಉಸಿರು ಎಳೆದುಕೊಂಡಳು. “ಯಾಕ ಬಿಸಿಲಾಗ ಹಾಕೀದಿ ಅಂತ ನನಗ ಬೈಲಿಕತ್ತಾನ.”

ನೀಲಾಂಬಿಕಾ ಫೋನನ್ನು ಎದೆಗವುಚಿಕೊಂಡು ಕೂತುಬಿಟ್ಟಳು.

ಎಲ್ಲರ ಮನೆಯ ಕಥೆ ಹೀಗೆ ಮುಗಿಯಲಿಲ್ಲ. ಒಂಟಿಯಾಗಿದ್ದವರ ಬಾಗಿಲು ಬಡಿಯುವವರು ಇರಲಿಲ್ಲ. ಹತ್ತಿ ಗೋದಾಮಿನ ಕಾವಲುಗಾರ ತಾಯಪ್ಪ ಹಗಲು ಗೋದಾಮಿನ ಒಳಕೋಣೆಯಲ್ಲಿ ಮಲಗುತ್ತಿದ್ದವನು, ಸಂಜೆ ಮಗಳು ದುರುಗಮ್ಮ ಊಟ ತಂದಾಗ ಗೋಣಿಚೀಲದ ಮೇಲೆ ಮಗ್ಗುಲಾಗಿ ತಣ್ಣಗೆ ಮಲಗಿದ್ದ. ಅಂಥವರು ಇನ್ನೂ ಕೆಲವರಿದ್ದರು.

ಅವರ ಸಾವಿನ ಕಾರಣ ಬರೆಯಬೇಕಾಗಿ ಬಂದಾಗ ಭೀಕರವಾದದ್ದೊಂದು ಹೊರಬಿತ್ತು. ಡಿಸ್ಕಿನಲ್ಲಿದ್ದ ಲೆಕ್ಕದ ಪ್ರಕಾರ ಆ ದಿನ ಅವರಿಗೆ ಬಿದ್ದದ್ದು ಒಂದೇ ಹನಿ, ಮಧ್ಯಾಹ್ನದ್ದು. ಬೆಳಗಿನ ಹನಿಯ ಗುರುತೇ ಇರಲಿಲ್ಲ. ಸತ್ತ ಮೇಲೆ ಶೀತಳಿ ರಕ್ತದಲ್ಲಿ ಬೇಗ ಒಡೆದುಹೋಗುವುದರಿಂದ ಪರೀಕ್ಷೆಯಲ್ಲೂ ಸಿಗುತ್ತಿರಲಿಲ್ಲ. ಗುಂಡಿಗಳಿಗೆ ನೆನಪಿಲ್ಲ. ಹಾಗಾಗಿ ‘ಹೃದಯಾಘಾತ, ಸಹಜ’ ಎಂದು ಬರೆದರು.

ವಿಚಾರಣಾ ಸಮಿತಿ ಕೂತದ್ದು ಒಂದು ಕಾಲೇಜಿನ ಸಭಾಂಗಣದಲ್ಲಿ. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ಫೈಲ್ ಸಿಸ್ಟಂ ಮಾಡಿದವರ ಕಡೆಯಿಂದ ಶ್ರೀವತ್ಸ ಎಂಬ ಎಂಜಿನಿಯರು ಬಂದಿದ್ದ. ಕೆಟ್ಟವನಂತೆ ಕಾಣುತ್ತಿರಲಿಲ್ಲ. ಸರಿಯಾಗಿ ನಿದ್ದೆ ಮಾಡದ ಮುಖ.

“ನಮ್ಮ ಫೈಲ್ ಸಿಸ್ಟಂ ಸುಳ್ಳು ಹೇಳಿಲ್ಲ, ಮೇಡಂ” ಎಂದ ಅವನು. “ಬರಹ ಇಳಿಯಲಿಲ್ಲ ಅಂತ ಒಂದು ಸಲ ಹೇಳಿದೆ. ನಿಯಮ ಇರೋದೇ ಹಾಗೆ. ಆ ಪುಟಗಳನ್ನ ಹಿಡ್ಕೊಂಡೇ ಕೂತ್ರೆ ಮೆಮೊರಿ ತುಂಬಿ ಇಡೀ ಯಂತ್ರ ನಿಂತುಹೋಗುತ್ತೆ. ಒಂದು ಸಲ ಹೇಳಿದ ಮೇಲೆ ನಮ್ಮ ಜವಾಬ್ದಾರಿ ಮುಗೀತು. ಮತ್ತೆ ಕೇಳಿದ್ದು ಡೇಟಾಬೇಸಿನ ತಪ್ಪು.”

“ಡೇಟಾಬೇಸ್ ಮಾಡಿದವ್ರು, ಮತ್ತೆ ಕೇಳಿದ್ರೆ ಫೈಲ್ ಸಿಸ್ಟಂ ಮತ್ತೆ ಬರೆಯೋಕೆ ನೋಡುತ್ತೆ ಅಂತ ನಂಬಿದ್ದರಂತೆ” ಎಂದರು ಅಧ್ಯಕ್ಷೆ ಕಾಗದ ನೋಡುತ್ತಾ.

“ಹಾಗಂತ ನಾವು ಎಲ್ಲೂ ಹೇಳಿಲ್ಲ.”

“ಇಲ್ಲ ಅಂತಾನೂ ಹೇಳಿಲ್ಲವಲ್ಲ?”

ಶ್ರೀವತ್ಸ ಮೆಲ್ಲಗೆ ಹೇಳಿದ, “ಆದರೂ ಬೆಳಗಿನ ಹನಿ ನಿಜವಾಗಿ ಬಿದ್ದಿತ್ತು ಅನ್ನೋದಕ್ಕೆ ಪುರಾವೆ ಏನಿದೆ, ಮೇಡಂ? ದಾಖಲೆ ಇಲ್ಲ.”

ಮೂಲೆಯಲ್ಲಿ ಕೂತಿದ್ದ ದುರುಗಮ್ಮ ಸೆರಗಿನ ತುದಿ ಬಿಗಿಹಿಡಿದುಕೊಂಡಳು. ನೀಲಾಂಬಿಕಾ ಎದ್ದು ನಿಂತಳು. ಆ ದಿನದಿಂದ ಅವಳ ಬೆರಳುಗಳಲ್ಲಿ ಒಂದು ಸಣ್ಣ ನಡುಕ ಉಳಿದುಬಿಟ್ಟಿತ್ತು. ಕೈಗಳನ್ನು ಒಂದರೊಳಗೊಂದು ಸೇರಿಸಿಕೊಂಡಳು.

“ನನಗ ಎರಡು ಹನಿ ಬಿದ್ದಾವ್ರಿ. ನನ್ನ ದಾಖಲಿಯಾಗೂ ಒಂದೇ ಅದ. ನನ್ನ ಮಾತು ಬ್ಯಾಡಂದ್ರ ಬಿಡ್ರಿ. ಇಲ್ಲೇ, ನಿಮ್ಮ ಮುಂದ ಮಾಡಿ ತೋರಸ್ತೀನಿ.”

ಪಾಷಾ ಕೇಂದ್ರದಿಂದ ಒಂದು ಬಿಡಿ ಸರ್ವರನ್ನು ಗಾಡಿಯ ಮೇಲಿಟ್ಟು ತಂದಿದ್ದ. ಅದೇ ಡೇಟಾಬೇಸು, ಅದೇ ಫೈಲ್ ಸಿಸ್ಟಂ, ಅಂದು ಕೆಟ್ಟಿದ್ದ ಅದೇ ಡಿಸ್ಕು. ಹೊರಗಿನ ಯಾವ ಗುಂಡಿಗೂ ಅದಕ್ಕೆ ಸಂಪರ್ಕವಿರಲಿಲ್ಲ. ಪ್ರಸಾರದ ಕೇಬಲುಗಳನ್ನೆಲ್ಲ ಬಿಚ್ಚಿದ್ದನ್ನು ಅಧ್ಯಕ್ಷೆ ತಾವೇ ಬಂದು ನೋಡಿದರು. ಪರದೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದರು.

“ಯಾರದಾರ ಒಂದು ಹೆಸರು ಹೇಳ್ರಿ. ಬೆಳಗಿನ ಹನಿ ಕೊಟ್ಟಿದೆ ಅಂತ ಬರೀತೀನಿ” ಎಂದಳು ನೀಲಾಂಬಿಕಾ.

ಇದು ಬರೀ ಪರೀಕ್ಷೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರಿಗೂ ತಮ್ಮ ಹೆಸರು ಕೊಡಲು ಮನಸ್ಸಾಗಲಿಲ್ಲ. ಅವಳು ಶ್ರೀವತ್ಸನತ್ತ ನೋಡಿದಳು. ಅವನು ಕನ್ನಡಕ ತೆಗೆದು ಒರೆಸತೊಡಗಿದ.

“ನಂದು ಬರೀರಿ” ಎಂದಳು ದುರುಗಮ್ಮ.

ನೀಲಾಂಬಿಕಾ ಬರೆದಳು. ‘ದುರುಗಮ್ಮ, ತಂದೆ ತಾಯಪ್ಪ: ಕೊಟ್ಟಿದೆ’. ಎಲ್ಲ ಇಳಿಯಿತೇ ಎಂದು ಡೇಟಾಬೇಸು ಕೇಳಿತು. ಕೆಂಪು ಸಾಲು ಬಂತು. ಡೇಟಾಬೇಸು ಮತ್ತೆ ಕೇಳಿತು. ಹಸಿರು ಸಾಲು ಬಂತು. ಕಚ್ಚಾ ಕಡತ ಖಾಲಿಯಾಯಿತು.

“ಈಗ ನೋಡ್ರಿ, ಪಟ್ಟಿಯಾಗ ಅದ” ಎಂದಳು. ಇತ್ತು. ದುರುಗಮ್ಮನ ಹೆಸರಿನ ಮುಂದೆ ‘ಕೊಟ್ಟಿದೆ’ ಎಂದು ಸ್ಪಷ್ಟವಾಗಿತ್ತು. ಶ್ರೀವತ್ಸನೂ ಹತ್ತಿರ ಬಂದು ನೋಡಿ ತಲೆಯಾಡಿಸಿದ.

ನೀಲಾಂಬಿಕಾ ಬಗ್ಗಿ ಗೋಡೆಯಿಂದ ಪ್ಲಗ್ಗು ಕಿತ್ತಳು. ಪರದೆ ಕಪ್ಪಾಯಿತು. ಮತ್ತೆ ಚುಚ್ಚಿದಳು. ಯಂತ್ರ ಎದ್ದಿತು. ಎಲ್ಲ ಸುಸ್ಥಿತಿಯಲ್ಲಿದೆ ಎಂದು ಹಸಿರು ಅಕ್ಷರಗಳು ಬಂದವು. ಅದರ ಕೆಳಗೆ ಪಟ್ಟಿ ತೆರೆದುಕೊಂಡಿತು.

‘ದುರುಗಮ್ಮ, ತಂದೆ ತಾಯಪ್ಪ: ಬಾಕಿ’.

ಅದನ್ನು ಎಲ್ಲರೂ ಓದಿ ಮುಗಿಸುವಷ್ಟರಲ್ಲಿ, ಯಾರೂ ಏನೂ ಮುಟ್ಟದೆಯೇ, ಸಾಲು ತಾನಾಗಿ ಬದಲಾಯಿತು. ‘ಆಜ್ಞೆ ಕಳುಹಿಸಲಾಗುತ್ತಿದೆ’.

ದುರುಗಮ್ಮ ಕೊರಳೆಲುಬಿನ ಮೇಲೆ ಅಂಗೈ ಒತ್ತಿ ಹಿಡಿದು ಬೆಂಚಿನ ಮೇಲೆ ಕುಸಿದು ಕೂತಳು. ನೀಲಾಂಬಿಕಾ ಓಡಿ ಹೋಗಿ ಅವಳನ್ನು ತಬ್ಬಿಕೊಂಡಳು. “ಏನಿಲ್ಲವ್ವ, ಅದಕ್ಕ ಸಂಪರ್ಕ ಇಲ್ಲ, ಏನೂ ಆಗಂಗಿಲ್ಲ” ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಶ್ರೀವತ್ಸನ ಮುಖ ಬಿಳಿಚಿಕೊಂಡಿತ್ತು. ಅವನ ಕೈ ಅವನಿಗೇ ತಿಳಿಯದೆ ತನ್ನ ಎಡ ಕೊರಳೆಲುಬಿನ ಮೇಲಿತ್ತು.

ಕೈ ಇಳಿಸಿ ಅವನೇ ಮಾತಾಡಿದ. “ಒಂದು ಸಲ ಇಲ್ಲ ಅಂದ ಮೇಲೆ ಡೇಟಾಬೇಸು ಮತ್ತೆ ಕೇಳಲೇಬಾರದು, ಮೇಡಂ. ಆ ಕ್ಷಣವೇ ತಾನಾಗಿ ನಿಂತುಬಿಡಬೇಕು. ಮೆಮೊರಿಯಲ್ಲಿರೋದನ್ನೆಲ್ಲ ಬಿಸಾಕಿ, ಕಚ್ಚಾ ಕಡತದಿಂದ ಮತ್ತೆ ಶುರು ಮಾಡಬೇಕು. ನಾವು ಅದನ್ನ ಬರೆದು ತಿಳಿಸಬೇಕಾಗಿತ್ತು.”

“ನಿಂತರೆ ಅಷ್ಟು ಹೊತ್ತು ಊರಿಗೆ ಶೀತಳಿ ಸಿಗೋದಿಲ್ಲ” ಎಂದರು ಅಧ್ಯಕ್ಷೆ.

“ಸಿಗಂಗಿಲ್ರಿ” ಎಂದಳು ನೀಲಾಂಬಿಕಾ. “ಅಷ್ಟೊತ್ತು ಮಂದಿ ನೆರಳಾಗ ಕುಂತಿರ್ಬೇಕು. ನಿಂತದ ಅಂತ ನಾವು ಹೇಳಬೇಕು.”

ಅಧ್ಯಕ್ಷೆ ಅದನ್ನೇ ಆದೇಶ ಮಾಡಿದರು. ಮಳೆಗಾಲ ಬರುವುದರೊಳಗೆ ಎಲ್ಲ ಊರುಗಳ ತಂಪು ಕೇಂದ್ರಗಳಲ್ಲೂ ಅದು ಜಾರಿಗೆ ಬಂತು. ಆಮೇಲಿನ ಬೇಸಿಗೆಗಳಲ್ಲಿ ಯಂತ್ರ ಹಾಗೆ ನಿಂತದ್ದೂ ಉಂಟು. ಆ ಹೊತ್ತೆಲ್ಲ ಜನ ಜೀವ ಕೈಯಲ್ಲಿ ಹಿಡಿದು ನೆರಳಲ್ಲಿ ಕೂತದ್ದೂ ಉಂಟು. ಯಾರಿಗೂ ಎರಡನೆಯ ಹನಿ ಬೀಳಲಿಲ್ಲ. ಆದರೆ ಪಂಪಾಪತಿ ಮತ್ತೆಂದೂ ಬಾಗಿಲು ಹಾಕಿಕೊಂಡು ಮಲಗಲಿಲ್ಲ.

ಅಂದು ಸಭಾಂಗಣದಲ್ಲಿ ಆದೇಶ ಮುಗಿದ ಮೇಲೆ ಅಧ್ಯಕ್ಷೆ ತಾಯಪ್ಪನ ಸಾವಿನ ಕಾಗದವನ್ನು ತರಿಸಿಕೊಂಡರು. ‘ಸಹಜ’ ಎಂಬುದನ್ನು ಹೊಡೆದುಹಾಕಿ, ಒಂದೇ ದಿನ ಎರಡು ಹನಿ ಶೀತಳಿ ಬಿದ್ದುದರಿಂದ ಸಾವು, ಮೊದಲ ಹನಿಯ ದಾಖಲೆಯನ್ನು ಯಂತ್ರ ಕಳೆದಿದೆ ಎಂದು ಬರೆಯಲು ಗುಮಾಸ್ತನಿಗೆ ಹೇಳಿದರು. ಗುಮಾಸ್ತ ಬರೆದ. ಬರೆದೆ ಎಂದು ತಲೆಯಾಡಿಸಿದ. ಇನ್ನು ಹೊರಡಬಹುದಮ್ಮ ಎಂದರು ಅಧ್ಯಕ್ಷೆ ಮೆಲುದನಿಯಲ್ಲಿ.

ದುರುಗಮ್ಮ ಹೊರಡಲಿಲ್ಲ. ಬೆಂಚಿನಿಂದೆದ್ದು, ಸಾಲುಸಾಲು ಕುರ್ಚಿಗಳ ನಡುವೆ ನಡೆದು ಗುಮಾಸ್ತನ ಮೇಜಿನ ಹತ್ತಿರ ಬಂದಳು. ಬಗ್ಗಿ, ಆ ಹಾಳೆಯ ಮೇಲೆ ತನ್ನ ಅಪ್ಪನ ಹೆಸರನ್ನು ಹುಡುಕಿದಳು. ಶಾಯಿ ಇನ್ನೂ ಹಸಿಯಾಗಿತ್ತು. ಅದು ಪೂರ್ತಿ ಆರುವವರೆಗೂ ಅವಳು ಅಲ್ಲೇ ನಿಂತಿದ್ದಳು.